ನಲವತ್ತು ತಲೆಗಳ ಸವಾಲು

ನಮ್ಮ ಬೋರಗಾಂವದಲ್ಲಿ ಯಾವ ಪುಣ್ಯದ ಕೆಲಸವೂ ಸುಮ್ಮನೆ ಆಗುವುದಿಲ್ಲ, ಹರಾಜಿನ ಹಾಗೆ ಸವಾಲು ಹಿಡಿದೇ ಆಗಬೇಕು. ಬಸದಿಯಲ್ಲಿ ಮೊದಲ ಅಭಿಷೇಕ ಯಾರದು? ಸವಾಲು. ಪಲ್ಲಕ್ಕಿಗೆ ಮೊದಲು ಹೆಗಲು ಕೊಡುವವರು ಯಾರು? ಸವಾಲು. ಪಂಚರ ಹಿರಿಯ ಆಬಾಸಾಹೇಬರು ಕಟ್ಟೆಯ ಮೇಲೆ ನಿಂತು ಕೂಗುತ್ತಾರೆ, ಮಂದಿ ಏರಿಸುತ್ತಾ ಹೋಗುತ್ತಾರೆ. ಎಲ್ಲರಿಗಿಂತ ಹೆಚ್ಚು ಕೂಗಿದವನ ತಲೆಗೆ ಕೆಂಪು ಫೇಟಾ ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು, ಹಲಗಿ ಬಾರಿಸುತ್ತ ಮನೆ ಮುಟ್ಟಿಸುತ್ತಾರೆ. ಪುಣ್ಯ ಎಲ್ಲರಿಗೂ ಬೇಕು. ಆದರೆ ಪಕ್ಕದ ಮನೆಯವನಿಗಿಂತ ಒಂದು ಮುಷ್ಟಿ ಹೆಚ್ಚು ಬೇಕು. ನಮ್ಮ ಊರಿನ ಧರ್ಮವನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಇಷ್ಟು.

ಹಿಟ್ಟಿನ ಗಿರಣಿ ಪಾರಿಸನಿಗೆ ಹುಟ್ಟಿದಾಗಿನಿಂದ ಒಂದು ಸವಾಲೂ ದಕ್ಕಿರಲಿಲ್ಲ. ಅವನು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, "ಐದ ರೂಪಾಯಿ!" ಅನ್ನುವುದರೊಳಗೆ ಹಿಂದಿನಿಂದ ಮಹಾವೀರ ಕೂತಲ್ಲಿಂದಲೇ "ಐವತ್ತು" ಅನ್ನುತ್ತಿದ್ದ. ಈ ಮಹಾವೀರ ಬೇರೆ ಯಾರೂ ಅಲ್ಲ, ಪಾರಿಸನ ಹೆಂಡತಿ ಕುಸುಮಳ ಅಕ್ಕನ ಗಂಡ. ಬಟ್ಟೆ ಅಂಗಡಿ, ನಾಲ್ಕು ಮಗ್ಗ, ಎರಡು ಹೊಟ್ಟೆ ಇದ್ದ ಮನುಷ್ಯ. ಹೀಗಾಗಿ ಪಾರಿಸನ ತಲೆಯ ಮೇಲೆ ಫೇಟಾ ಒಂದನ್ನು ಬಿಟ್ಟು ಎಲ್ಲವೂ ಕೂತಿದ್ದವು: ಗೋಧಿ ಹಿಟ್ಟು, ಜೋಳದ ಹಿಟ್ಟು, ಕಡಲೆ ಹಿಟ್ಟು. ಸಂಜೆ ಅವನ ತಲೆ ನೋಡಿ ನಾವು ಊರಲ್ಲಿ ಯಾರ ಮನೆಯಲ್ಲಿ ಏನು ಅಡುಗೆ ಎಂದು ಹೇಳುತ್ತಿದ್ದೆವು. ಒಮ್ಮೆಯೂ ತಪ್ಪಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೈದನೆಯ ಇಸವಿ. ಆ ವರ್ಷ ಹರೆಯದವರ ವರ್ಷ ಎಂದು ಮೇಲಿನವರು ಠರಾವು ಮಾಡಿದ್ದರಂತೆ. ಚಿಕ್ಕೋಡಿಯಿಂದ ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಊರಾಚೆ ಒಂದು ಹಳೆ ಮೆಟ್ಟಿಲ ಬಾವಿ ಇದೆ. ಸರಿಯಾಗಿ ನಲವತ್ತು ಮೆಟ್ಟಿಲು, ಕೆಳಗೆ ಆಳು ಮುಳುಗುವಷ್ಟು ಹೂಳು. ಸಾಹೇಬರು ಅದನ್ನು ನೋಡಿ ಬಂದು ಚಾವಡಿಯ ಮುಂದೆ ಸಭೆ ಕರೆದರು.

"ಮುಂದಿನ ಭಾನುವಾರ ಶ್ರಮದಾನ. ಯುವಕರು ಮುಂದೆ ಬರಬೇಕು, ಹಿರಿಯರು ಬೆನ್ನು ತಟ್ಟಬೇಕು. ಯಾರು ಯಾರು ಬರುತ್ತೀರಿ? ಕೈ ಎತ್ತಿ."

ಸಭೆಯ ಕೈಗಳೆಲ್ಲ ಬಗಲೊಳಗೆ ಹೋದವು. ಸ್ವಲ್ಪ ಹೊತ್ತಿಗೆ ಒಂದು ಕೈ ಎದ್ದಿತು. ಸಾಹೇಬರ ಮುಖ ಅರಳಿತು. ಅದು ಎಪ್ಪತ್ತು ದಾಟಿದ ವಿರುಪಾಕ್ಷಪ್ಪನ ಕೈ.

"ಸಾಹೇಬ್ರ, ಹೊಳ್ಳಿ ಹೋಗುವಾಗ ಜೀಪಿನ್ಯಾಗ ಚಿಕ್ಕೋಡಿ ತನಕಾ ಜಾಗಾ ಐತೇನ್ರಿ?"

ಆಗ ಆಬಾಸಾಹೇಬರು ಎದ್ದರು. "ಸಾಹೇಬ್ರ, ನಮ್ಮ ಊರಾಗ ಹಂಗ ಕೇಳಿದ್ರ ಯಾರೂ ಬರಂಗಿಲ್ರಿ. ಸವಾಲ ಹಿಡೀಬೇಕು."

"ಹಣದ ವ್ಯವಹಾರ ಬೇಡ, ಇದು ಸರ್ಕಾರಿ ಕೆಲಸ," ಎಂದರು ಸಾಹೇಬರು ಗಾಬರಿಯಾಗಿ.

"ರೊಕ್ಕದ್ದಲ್ರಿ, ತಲೀದು. ಯಾರ ಮನಿಯಿಂದ ಎಷ್ಟ ಮಂದಿ ಹರೇದವರು? ಹೆಚ್ಚಿಗಿ ಕೂಗಿದವರಿಗೆ ಬಾವಿ ಪುಣ್ಯ!"

ರೊಕ್ಕದ್ದಲ್ಲ ಎಂಬ ಮಾತು ಹಿಂದಿನ ಸಾಲಿನಲ್ಲಿ ಕೂತಿದ್ದ ಪಾರಿಸನ ಕಿವಿಗೆ ಬಿತ್ತು. ಮಳೆ ಬಿದ್ದ ಹೆಸರುಕಾಳು ಹೇಗೆ ಮೊಳಕೆ ಒಡೆಯುತ್ತದೋ ಹಾಗೆ ಅವನು ಕೂತಲ್ಲಿಂದ ಮೆಲ್ಲಗೆ ಮೇಲೆದ್ದ.

"ನಮ್ಮ ಮನಿಯಿಂದ ಐದು," ಎಂದ ಮಹಾವೀರ, ರೂಢಿಯಂತೆ ಕೂತೇ.

"ಹತ್ತು!"

ಇಡೀ ಸಭೆ ಹೊರಳಿ ನೋಡಿತು. ಮಹಾವೀರನೂ ಹೊರಳಿದ. ಎರಡು ಹೊಟ್ಟೆಯ ಕಾರಣಕ್ಕೆ ಅವನು ಹೊರಳಲು ಸ್ವಲ್ಪ ಹೊತ್ತು ಹಿಡಿಯಿತು.

"ಹದಿನೈದು."

"ಇಪ್ಪತ್ತು!"

ಮಹಾವೀರ ತನ್ನ ಮಕ್ಕಳನ್ನು, ಮಗ್ಗದ ಆಳುಗಳನ್ನು, ಆಳುಗಳ ತಮ್ಮಂದಿರನ್ನು ಬೆರಳ ಮೇಲೆ ಎಣಿಸಿ ಎಣಿಸಿ ಕೂಗುತ್ತಿದ್ದ. ಪಾರಿಸ ಎಣಿಸುತ್ತಲೇ ಇರಲಿಲ್ಲ. ಅವನ ಬಲವೆಲ್ಲ ಇದ್ದದ್ದು ಅಲ್ಲಿಯೇ. ಮಹಾವೀರ ಬೆವರು ಒರೆಸಿಕೊಳ್ಳುತ್ತ "ಮೂವತ್ತೈದು" ಎನ್ನುತ್ತಲೂ ಪಾರಿಸ ಎರಡೂ ಕೈ ಮೇಲೆತ್ತಿ ಕೂಗಿದ:

"ನಲವತ್ತು! ಮೆಟ್ಟಲಕ್ಕ ಒಬ್ಬ!"

ಮಹಾವೀರ ನಲವತ್ತೊಂದು ಎನ್ನಲು ಬಾಯಿ ತೆರೆದ, ಮತ್ತೆ ಮುಚ್ಚಿದ. ನಲವತ್ತೊಂದನೆಯವನು ನಿಲ್ಲುವುದಾದರೂ ಎಲ್ಲಿ?

"ಒಂದ ಸಲ... ಎರಡ ಸಲ... ಮೂರ ಸಲ!" ಆಬಾಸಾಹೇಬರ ಕೈ ಕೆಳಗಿಳಿಯಿತು. ಪಾರಿಸನ ತಲೆಗೆ ಫೇಟಾ ಏರಿತು. ಕಟ್ಟುವವನಿಗೆ ಹಿಟ್ಟು ಹಾರಿ ಏಳು ಸೀನು ಬಂದವು. ಫೇಟಾ ಕಟ್ಟಿದ ಮೇಲೆ ಆಬಾಸಾಹೇಬರು ಪದ್ಧತಿಯ ಪ್ರಕಾರ ಕಟ್ಟಳೆಯನ್ನೂ ಓದಿದರು. "ಪಾರಿಸಾ, ಐತವಾರ ನಲವತ್ತ ತಲಿ ಭರ್ತಿ ಆಗಲಿಲ್ಲಂದ್ರ, ಇದ ಮಂದಿ ಮುಂದ ನಿನ್ನ ಕೈಲೆ ಫೇಟಾ ಬಿಚ್ಚಿ ಮಹಾವೀರನ ತಲಿಗೆ ಸುತ್ತಬೇಕು. ಮುಂದ ಜೀವ ಇರೂ ತನಕಾ ಯಾವ ಸವಾಲಿನ್ಯಾಗೂ ಬಾಯಿ ತಗೀಬಾರದು."

"ಆಗಲಿ ಬಿಡ್ರಿ!" ಎಂದ ಪಾರಿಸ. ಹಲಗಿಯ ಸಪ್ಪಳದಲ್ಲಿ ಅವನಿಗೆ ಅರ್ಧ ಮಾತು ತಲೆಗೆ ಹೋಗಿರಲೇ ಇಲ್ಲ.

ಮನೆಯಲ್ಲಿ ಹೆಂಡತಿ ಕುಸುಮ ಆರತಿ ಎತ್ತಿದಳು. ಆಮೇಲೆ ಕೇಳಿದಳು, "ಅಂತೂ ಏನ್ ಗೆದ್ರಿ?"

"ಬಾವಿ."

"ನೀರಿಂದಾ?"

"ಹೂಳಿಂದು. ನಾವು ನಲವತ್ತ ಮಂದಿ ಹರೇದವರನ್ನ ಕೊಡಬೇಕು."

ಕುಸುಮ ಆರತಿ ತಟ್ಟೆಯನ್ನು ಕೆಳಗಿಟ್ಟಳು. "ನಾ ಹಡದದ್ದ ಒಂದ ಹೆಣ್ಣು. ನಲವತ್ತ ಮಂದೀನ ಹಡಿಯಾಕ ಐತವಾರ ತನಕಾ ಟೈಮ್ ಸಾಲೂದಿಲ್ಲ ನೋಡ್ರಿ."

ಆ ಒಂದು ಹೆಣ್ಣು ಸುಗಂಧಾ. ನಿಪ್ಪಾಣಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಕಾಲೇಜಿನ ಸೇವಾ ಶಿಬಿರಗಳಿಗೆ ಹೋಗಿ ಸಲಿಕೆ ಹಿಡಿದು ಬಂದವಳು. "ಅಪ್ಪಾ, ಹೂಳ ಅಂದ್ರ ಹೂಳ ಅಂತ ನೆಟ್ಟಗ ಹೇಳ್ರಿ. ಯಾಕ ಬೇಕಾಗೇತಿ ಅಂತನೂ ಹೇಳ್ರಿ. ಬರೂ ಮನಸಿದ್ದವ್ರು ಬರ್ತಾರು," ಎಂದಳು.

"ನಿನಗೇನ ತಿಳಿತೈತಿ," ಎಂದು ಪಾರಿಸ ಫೇಟಾ ಸಮೇತ ಬಸ್ ಸ್ಟ್ಯಾಂಡಿಗೆ ಹೊರಟ. ಅಲ್ಲಿ ಕಟ್ಟೆಯ ಮೇಲೆ ಊರಿನ ಕ್ರಿಕೆಟ್ ಹುಡುಗರು ಕೂತಿದ್ದರು. ಅವರ ಕ್ಯಾಪ್ಟನ್ ಮಲಕಾರಿ ಬಾಲಿಗೆ ಸೈಕಲ್ ಟ್ಯೂಬು ಸುತ್ತುತ್ತಿದ್ದ.

"ಮಲಕಾರಿ, ಐತವಾರ ಹುಡುಗೂರನ್ನ ಕರಕೊಂಡ ಬಾವಿಗೆ ಬಾರಪಾ."

"ಬಾವ್ಯಾಗ ಏನೈತ್ರಿ ಕಾಕಾ?"

"ಹೂಳ."

"ಹೂಳ ತಗದ್ರ ಏನ ಸಿಗತೈತ್ರಿ?"

"ನೀರ."

"ನೀರ ನಮ್ಮ ಮನಿ ನಳಕ್ಕ ಬರತೈತಲ್ರಿ. ಐತವಾರ ಭೋಜದವರ ಕೂಡ ನಮ್ಮ ಮ್ಯಾಚ್ ಐತಿ. ಅವರನ್ನ ಹೂಳಾಕ ಹೊಂಟೀವಿ, ಹೂಳ ತಗಿಯಾಕಲ್ಲ."

ಹನ್ನೊಂದೂ ಮಂದಿ ನಕ್ಕರು. ಪಾರಿಸ ಮನೆಗೆ ಬಂದು ಒಂದು ದೊಡ್ಡ ಸಿದ್ಧಾಂತಕ್ಕೆ ಬಂದ. ತಪ್ಪು ಹುಡುಗರದಲ್ಲ, ಹೂಳಿನದು. ಇನ್ನು ಮುಂದೆ ಹೂಳಿನ ಮಾತನ್ನೇ ಎತ್ತಬಾರದು. ಮರುದಿನ ಬಿಳಿ ಧೋತರ ಉಟ್ಟು, ಫೇಟಾ ಏರಿಸಿ, ಬರುವವರ ವಿವರ ತುಂಬಲು ಸಾಹೇಬರು ಕೊಟ್ಟಿದ್ದ ಫಾರಂಗಳ ಕಟ್ಟು ಬಗಲಲ್ಲಿ ಹಿಡಿದು, ಬಂಧು ಬಳಗವನ್ನು ಹುಡುಕಿಕೊಂಡು ಹಾರೂಗೇರಿ ಬಸ್ಸು ಹತ್ತಿದ.

ಹಾರೂಗೇರಿಯಲ್ಲಿ ಅವನ ಅತ್ತೆ, ಕುಸುಮಳ ತಾಯಿ ಲಕ್ಷ್ಮಿಬಾಯಿ. ಎಂಬತ್ತರ ಹತ್ತಿರ ವಯಸ್ಸು, ಹಲ್ಲು ಮೂರು, ನಾಲಿಗೆ ಮಾತ್ರ ಹೊಸದು. ಅಳಿಯ ಬಂದವನೇ "ಅತ್ತೆವ್ವಾ, ನಿಮ್ಮ ಓಣ್ಯಾಗ ಹರೇದ ಹುಡುಗೂರ ಯಾರ ಮನ್ಯಾಗ ಅದಾರ?" ಎಂದು ಕೇಳಿದ. ಮುದುಕಿ ಅವನ ಧೋತರ ನೋಡಿದಳು, ಫೇಟಾ ನೋಡಿದಳು, ಎದ್ದು ಕೋಲು ಹಿಡಿದು ಪಕ್ಕದ ರಾವಸಾಹೇಬರ ಮನೆಗೆ ಕರೆದುಕೊಂಡು ಹೋದಳು.

ರಾವಸಾಹೇಬರು ದ್ರಾಕ್ಷಿ ತೋಟದ ಧಣಿ. ಚಹಾ ಬಂತು. ಪಾರಿಸ ಫಾರಂ ತೆಗೆದು ಪೆನ್ನಿನ ಟೋಪಿ ಬಿಚ್ಚಿದ.

"ಹುಡುಗನ ಹೆಸರ್ರಿ?"

"ಭರಮು."

"ವಯಸ್ಸ?"

"ಇಪ್ಪತ್ನಾಕು," ಎಂದರು ರಾವಸಾಹೇಬರು. ಒಳಗಿನಿಂದ ಅವರ ಹೆಂಡತಿ ಕೆಮ್ಮಿದರು.

"ಎಷ್ಟ ಕಲತಾನ? ಮೈಗೆ ಆರಾಮ ಅದಾನ? ಬೀಡಿ, ತಂಬಾಕ, ಇಸ್ಪೀಟು... ಚಟಾ ಗಿಟಾ?"

ಇವೆಲ್ಲ ಸರ್ಕಾರ ಫಾರಂನಲ್ಲಿ ಛಾಪಿಸಿದ್ದ ಪ್ರಶ್ನೆಗಳು, ಪಾರಿಸ ಒಂದಕ್ಷರ ಹೆಚ್ಚು ಕೇಳಿರಲಿಲ್ಲ. ಆದರೆ ನಮ್ಮ ಕಡೆ ವಯಸ್ಸಿಗೆ ಬಂದ ಮಗಳ ತಂದೆಯೊಬ್ಬ ಫೇಟಾ ಸುತ್ತಿಕೊಂಡು, ಅತ್ತೆಯನ್ನು ಮುಂದೆ ಮಾಡಿಕೊಂಡು ಬಂದು, ಹುಡುಗನ ವಯಸ್ಸು, ಓದು, ಚಟ ಕೇಳಿ ಬರೆದುಕೊಂಡರೆ ಅದಕ್ಕೆ ಎರಡನೆಯ ಅರ್ಥ ಇರುವುದಿಲ್ಲ. ರಾವಸಾಹೇಬರು ಮೀಸೆಯೊಳಗೆ ನಕ್ಕು ಮೆಲ್ಲಗೆ ಕೇಳಿದರು:

"ನಿಮ್ಮ ಮಗಳ ಏನ ಕಲ್ಯಾಕತ್ತಾಳ್ರಿ?"

"ಬಿ.ಎ. ರಿ," ಎಂದ ಪಾರಿಸ, ಸುಮ್ಮನೆ ಮಾತಿಗೆ ಕೇಳುತ್ತಿದ್ದಾರೆ ಎಂದುಕೊಂಡು.

"ಅಡಗಿ?"

"ಭಾಳ ಚೊಲೊ ಮಾಡ್ತಾಳ್ರಿ. ಐತವಾರ ನಿಮಗೆಲ್ಲಾ ಆಕೀನ ಅವಲಕ್ಕಿ ಮಾಡಾಕಿ. ಎಂಟ ಗಂಟೆಕ್ಕ ಹುಡುಗನ್ನ ಕರಕೊಂಡ ಬರ್ರಿ. ಹಿರ್ಯಾರೂ ಬರ್ರಿ, ಹಿರ್ಯಾರ ಮುಂದ ನಿಂತ್ರ ಕಿರ್ಯಾರಿಗೆ ಹುರುಪ ಬರತೈತಿ ಅಂತ ಸಾಹೇಬರೂ ಹೇಳ್ಯಾರ."

ಸಾಹೇಬರೂ ಹೇಳಿದ್ದಾರೆ ಎಂದಮೇಲೆ ರಾವಸಾಹೇಬರಿಗೆ ಇದು ಬಹಳ ದೊಡ್ಡ ಸಂಬಂಧ ಎನ್ನಿಸಿತು. ಎರಡನೆಯ ಸಲ ಚಹಾ ಬಂತು, ಈ ಸಲ ಹಾಲು ಹೆಚ್ಚು.

ಲಕ್ಷ್ಮಿಬಾಯಿಗೆ ಗೊತ್ತಾದ ಸುದ್ದಿ ಬಸ್ಸಿಗಿಂತ ಮೊದಲು ಅಥಣಿ ಮುಟ್ಟುತ್ತದೆ. ಪಾರಿಸ ಮುಂದೆ ಎಲ್ಲಿಗೆ ಹೋದರೂ, ರಾಯಬಾಗಕ್ಕೆ, ಕಾಗವಾಡಕ್ಕೆ, ಭೋಜಕ್ಕೆ, ಅವನಿಗಿಂತ ಮೊದಲೇ ಬಾಗಿಲಿಗೆ ರಂಗೋಲಿ ಬಿದ್ದಿರುತ್ತಿತ್ತು. ಹುಡುಗರು ಮುಖ ತೊಳೆದು ಪೌಡರ್ ಹಚ್ಚಿಕೊಂಡು ಕೂತಿರುತ್ತಿದ್ದರು. ಹೋದಲ್ಲೆಲ್ಲ ಶೇಂಗಾ ಹೋಳಿಗೆ. ಎಲ್ಲ ಹುಡುಗರ ವಯಸ್ಸೂ ಇಪ್ಪತ್ನಾಲ್ಕು. ಯಾರಿಗೂ ಒಂದು ಚಟವೂ ಇಲ್ಲ.

"ಏನ ಹರೇದವರು ಅಂತಿ, ಏನ ಶಿಸ್ತು ಅಂತಿ!" ಎಂದು ಪಾರಿಸ ಶನಿವಾರ ಗಿರಣಿಯ ಮುಂದೆ ನನಗೆ ಹೇಳಿದ. "ಸೇವಾ ಅಂದ ಕೂಡಲೇ ಒಬ್ಬನೂ ಒಲ್ಲೆ ಅನಲಿಲ್ಲ. ನಮ್ಮ ದೇಶಕ್ಕ ಚಿಂತಿ ಇಲ್ಲ ಬಿಡು!"

ಭಾನುವಾರ ಬೆಳಿಗ್ಗೆ ಎಂಟಕ್ಕೆ ದೇಶ ಬಂದು ಇಳಿಯಿತು. ಎರಡು ಬಸ್ಸು, ಮೂರು ಟ್ರ್ಯಾಕ್ಟರು, ಒಂದು ಬಾಡಿಗೆ ಮೆಟಡೋರು. ಟೆರಿಲಿನ್ ಅಂಗಿ ಇಸ್ತ್ರಿ ಮಾಡಿಸಿಕೊಂಡ ಇಪ್ಪತ್ತೆಂಟು ಹುಡುಗರು. ಅವರ ಹಿಂದೆ ಅಪ್ಪಂದಿರು, ಅವ್ವಂದಿರು, ಕಾಕಾಗಳು, ಸೋದರಮಾವಂದಿರು, ಅಜ್ಜಿಯರು. ಎಲ್ಲ ಅಜ್ಜಿಯರ ಚೀಲದಲ್ಲೂ ತೆಂಗಿನಕಾಯಿ, ಕುಪ್ಪಸದ ಖಣ. ಪಾರಿಸನ ಅಂಗಳ ತುಂಬಿ, ಓಣಿ ತುಂಬಿ, ಉಳಿದವರು ಪಕ್ಕದ ನನ್ನ ಮನೆಯ ಹಿತ್ತಲಲ್ಲಿ ಕೂತು ಅವಲಕ್ಕಿ ತಿಂದರು. ಜೈನರ ಮನೆಯ ಅವಲಕ್ಕಿ, ಉಳ್ಳಾಗಡ್ಡಿ ಇಲ್ಲ, ಆದರೂ ಮೂರು ಪಾತೇಲಿ ಖಾಲಿಯಾದವು.

"ನೋಡ ಕುಸುಮಾ, ಸೇವಾಕ್ಕೂ ಕಾಯಿ ತಂದಾರ! ಎಷ್ಟ ಭಕ್ತಿ!"

ಕುಸುಮ ಖಣಗಳನ್ನು ನೋಡಿದಳು. ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

"ಏನ್ರೀ, ಇವರ ಬಾವಿಗೆ ಬಂದವರಲ್ಲ. ನಮ್ಮ ಸುಗಂಧಾನ್ನ ನೋಡಾಕ ಬಂದವರು!"

"ಹುಚ್ಚಿ ಅದಿ ನೀ. ನಾ ಮದುವಿ ಮಾತ ಆಡೇ ಇಲ್ಲ!"

"ವಯಸ್ಸ ಕೇಳಿದ್ರಿ?"

"ಫಾರಮ್ಮಿನ್ಯಾಗ ಐತಿ."

"ಚಟಾ ಕೇಳಿದ್ರಿ?"

"ಅದೂ ಫಾರಮ್ಮಿನ್ಯಾಗ ಐತಿ."

"ಹುಡುಗಿ ಅಡಗಿ ಚೊಲೊ ಮಾಡ್ತಾಳ ಅಂದ್ರಿ?"

"ಅದು... ಅವರ ಕೇಳಿದ್ರು."

"ಮುಗೀತ!" ಎಂದು ಕುಸುಮ ನೆಲಕ್ಕೆ ಕೂತಳು.

ಪಾರಿಸ ತಲೆಯ ಮೇಲಿನ ಫೇಟಾ ಮುಟ್ಟಿ ನೋಡಿಕೊಂಡ. ನಿಜ ಹೇಳಿದರೆ ಇಪ್ಪತ್ತೆಂಟೂ ಮನೆಯವರು ಎದ್ದು ಹೋಗುತ್ತಾರೆ, ಫೇಟಾ ಮಹಾವೀರನ ತಲೆಗೆ ಹೋಗುತ್ತದೆ. ಹೇಳದಿದ್ದರೆ ಮಗಳನ್ನು ತೋರಿಸಬೇಕು. ಅಷ್ಟರಲ್ಲಿ ಅಂಗಳದಿಂದ ರಾವಸಾಹೇಬರ ದನಿ ಬಂತು.

"ಪಾರಿಸಣ್ಣಾ, ಅವಲಕ್ಕಿ ಆತು. ಇನ್ನ ಹುಡುಗಿ ಎಲ್ಲಿ ಅದಾಳ? ಕರೀರಲಾ!"

ಸುಗಂಧಾ ನಸುಕಿನಲ್ಲೇ ಅವಲಕ್ಕಿ ಒಗ್ಗರಣೆ ಹಾಕಿಟ್ಟು, ಹೂಳಿಗೆ ಯಾರಾದರೊಬ್ಬರು ಮೊದಲು ಕೈ ಹಾಕಬೇಕಲ್ಲ ಎಂದು ಆರು ಗಂಟೆಗೆ ಸಲಿಕೆ ತೆಗೆದುಕೊಂಡು ಬಾವಿಗೆ ಹೋಗಿದ್ದಳು. ಗಾಬರಿಯಲ್ಲಿ ಪಾರಿಸನ ಬಾಯಿಂದ ನಿಜ ಒಂದೇ ಮಾತಿನಲ್ಲಿ ಬಂತು.

"ಬಾವ್ಯಾಗ ಅದಾಳ್ರಿ."

ಮರುಕ್ಷಣ ಅಜ್ಜಿಯರೆಲ್ಲ ಒಮ್ಮೆಲೇ "ಅಯ್ಯ ಶಿವನ! ಅಯ್ಯ ಜಿನೇಶ್ವರಾ!" ಎಂದು ಬೊಬ್ಬಿಟ್ಟರು. "ಹುಡುಗಿ ಬಾವಿಗೆ ಬಿದ್ದಾಳ! ಓಡ್ರಿ!" ಆ ದಿನದ ಓಟವನ್ನು ನಾನು ಮರೆತಿಲ್ಲ. ಎಂಬತ್ತರ ಲಕ್ಷ್ಮಿಬಾಯಿ ಕೋಲನ್ನು ಬಗಲಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ಇದ್ದಳು. ಹಿಂದೆ ಇಪ್ಪತ್ತೆಂಟು ಟೆರಿಲಿನ್ ಅಂಗಿಗಳು, ಅವುಗಳ ಹಿಂದೆ ಧೋತರದ ಚುಂಗು ಹಿಡಿದ ಅಪ್ಪಂದಿರು. ದಾರಿಯಲ್ಲಿ ಎಮ್ಮೆಗಳು ಹೆದರಿ ತಾವೂ ಓಡಿದವು, ಬಾವಿಯ ತನಕ ಬಂದವು.

ಬಾವಿಯ ಮೇಲೆ ಸಾಹೇಬರು, ಆಬಾಸಾಹೇಬರು ಮತ್ತು ಹೊಸದಾಗಿ ಕ್ಷೌರ ಮಾಡಿಸಿಕೊಂಡು ಫೇಟಾಕ್ಕೆ ತಲೆ ತಯಾರಿಟ್ಟುಕೊಂಡಿದ್ದ ಮಹಾವೀರ ನಿಂತಿದ್ದರು. ಓಡಿ ಬಂದವರು ಬಗ್ಗಿ ನೋಡಿದರು. ಕೆಳಗೆ ಸುಗಂಧಾ, ಸೀರೆಯ ಮೇಲೆ ಅಪ್ಪನ ಹಳೆ ಅಂಗಿ ತೊಟ್ಟು, ಹೂಳು ಮುಚ್ಚಿದ ಮೆಟ್ಟಿಲ ಮೇಲೆ ಮೊಣಕಾಲ ತನಕ ಕೆಸರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದಳು.

"ಬರ್ರಿ, ಬರ್ರಿ! ತಡಾ ಮಾಡಿದ್ರಿ!" ಎಂದಳು.

ಮಹಾವೀರ ಇಪ್ಪತ್ತೆಂಟು ಹುಡುಗರನ್ನು ಎಣಿಸಿ ಕ್ಷೌರದ ತಲೆ ಸವರಿಕೊಂಡ. ಆದರೆ ಅಜ್ಜಿಯರ ಕೈಯಲ್ಲಿದ್ದ ಖಣ ನೋಡಿ ಅವನಿಗೆ ಎಲ್ಲ ತಿಳಿಯಿತು. ಗಟ್ಟಿಯಾಗಿ ಕೂಗಿದ, "ಬೀಗರ, ನಿಮಗ ಮೋಸ ಆಗೇತಿ! ಇಲ್ಲಿ ಹೆಣ್ಣ ತೋರಿಸೂ ಕಾರ್ಯ ಇಲ್ಲ. ನಿಮ್ಮ ಹುಡುಗೂರ ಕೈಲೆ ಹೂಳ ತಗಸಾಂವ ಅದಾನ ಈ ಪಾರಿಸ!"

ಎಲ್ಲರೂ ಪಾರಿಸನ ಕಡೆ ತಿರುಗಿದರು. ಪಾರಿಸ ಬಾವಿಯ ಕಟ್ಟೆ ಹತ್ತಿದ. ಅವನ ಕಣ್ಣಲ್ಲಿ ನೀರಿತ್ತು.

"ಹೌದ್ರಿ. ತಪ್ಪ ನಂದು. ಇದು ಹೆಣ್ಣ ನೋಡೂದಲ್ರಿ. ಹೂಳ. ಬರೀ ಹೂಳ. ಸವಾಲ ಗೆದ್ದಿದ್ದೆ, ಹರೇದವರ ಸಿಗಲಿಲ್ಲ. ಹೂಳ ಅಂದ್ರ ನೀವ ಬರಾಂಗಿಲ್ಲ ಅಂತ ಬಾಯಿ ಬಿಡಲಿಲ್ಲ. ಸಿಟ್ಟ ಬಂದ್ರ ಹೋಗ್ರಿ, ನಾ ಕೈ ಮುಗಿತೀನಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾವಸಾಹೇಬರು ಮೀಸೆ ತಿರುವಿದರು, ಮೆಲ್ಲಗೆ ತಲೆ ಆಡಿಸಿದರು, ಪಕ್ಕದವರ ಕಿವಿಯಲ್ಲಿ ಹೇಳಿದರು. ಆದರೆ ರಾವಸಾಹೇಬರ ಪಿಸುಮಾತು ದ್ರಾಕ್ಷಿ ತೋಟದ ಆ ತುದಿಗೆ ಕೇಳುವಂಥದು.

"ತಿಳೀತೇನ್ರಿ? ಪರೀಕ್ಷಾ! ಹುಡುಗೂರ ಪರೀಕ್ಷಾ ಮಾಡಾಕತ್ತಾರ. ಹೌದ ಅಂತ ಬಾಯಿ ಬಿಟ್ಟ ಹೇಳ್ತಾರೇನ ಮತ್ತ?"

"ಖರೇನ ಇಲ್ರಿ! ಪರೀಕ್ಷಾ ಅಲ್ರಿ!" ಎಂದು ಪಾರಿಸ ಅಳುವ ದನಿಯಲ್ಲಿ ಕೂಗಿದ.

"ನೋಡ್ರಿ, ಹೆಂಗ ಮುಚ್ಚಾಕತ್ತಾನ!" ಎಂದರು ರಾವಸಾಹೇಬರು ಮೆಚ್ಚುಗೆಯಿಂದ. ಲಕ್ಷ್ಮಿಬಾಯಿ ಮೂರೂ ಹಲ್ಲು ತೋರಿಸಿ, "ನನ್ನ ಅಳಿಯ ಇಷ್ಟ ಶಾಣ್ಯಾ ಅದಾನ ಅಂತ ಇಪ್ಪತ್ತೆರಡ ವರ್ಷ ನನಗ ಗೊತ್ತ ಆಗಿರಲಿಲ್ಲವ್ವಾ," ಎಂದಳು.

ಅಷ್ಟೇ. "ಇಳಿ ಲೇ ಭರಮ್ಯಾ!" "ಏ, ನೀ ಯಾಕ ನಿಂತಿ? ಇಳಿ!" ಅಪ್ಪಂದಿರು ಮಕ್ಕಳನ್ನು ನೂಕಿದ ರಭಸಕ್ಕೆ ಮೊದಲ ಹತ್ತು ಮೆಟ್ಟಿಲು ಯಾರೂ ನಡೆದು ಇಳಿಯಲಿಲ್ಲ.

"ತಡೀರಿ!" ಎಂದರು ಆಬಾಸಾಹೇಬರು. "ಮೊದಲ ಕಪ್ಪಿ!"

ಹೂಳಿನಲ್ಲಿ ಕಪ್ಪೆಗಳಿದ್ದವು. ಒಂದು ಜೀವಕ್ಕೂ ಸಲಿಕೆ ತಾಗಬಾರದು, ಒಂದೊಂದನ್ನೇ ಕೈಯಲ್ಲಿ ಎತ್ತಿ ಪಕ್ಕದ ಹೊಂಡಕ್ಕೆ ಬಿಟ್ಟು ಬರಬೇಕು ಎಂಬುದು ಅವರ ಅಪ್ಪಣೆ. ಜೀವದಯೆಯ ಮಾತು, ಯಾರೂ ಇಲ್ಲ ಎನ್ನುವಂತಿಲ್ಲ. ಟೆರಿಲಿನ್ ಅಂಗಿಯ ವರಗಳು ಅಂಗೈಯಲ್ಲಿ ಕಪ್ಪೆ ಹಿಡಿದು, ಮೇಲೊಂದು ಅಂಗೈ ಮುಚ್ಚಿ, ಸಾಲಾಗಿ ಮೆಟ್ಟಿಲು ಹತ್ತಿ ಬಂದರು. ಪ್ರತಿಯೊಬ್ಬನ ಅವ್ವನೂ ಕುಸುಮಳಿಗೆ ಕೇಳುವಂತೆ ಮಾತಾಡುತ್ತಿದ್ದಳು.

"ನಮ್ಮ ಹುಡುಗ ಕಪ್ಪೀನ ಎಷ್ಟ ಹಗೂರಕ ಹಿಡದಾನ ನೋಡ್ರಿ. ನಾಳಿ ಹೆಂಡತೀನ್ನೂ ಹಂಗ ನೋಡಕೋತಾನ."

"ನಮ್ಮಾಂವ ಎರಡ ಹಿಡದಾನ್ರಿ!"

ಎಪ್ಪತ್ತಾರು ಕಪ್ಪೆ ಹೊರಬಂದ ಮೇಲೆ ಬುಟ್ಟಿ ಏರತೊಡಗಿದವು. ಹತ್ತು ಬುಟ್ಟಿ ಏರುವುದರೊಳಗೆ ಹಿರಿಯರ ತಾಳ್ಮೆ ಮುಗಿಯಿತು.

"ಬುಟ್ಟಿ ಹಂಗ ಹಿಡೀತಾರೇನ್ಲೇ? ಕೂಸ ಎತ್ತಿದಂಗ ಎತ್ತಾಕತ್ತೀಯಲ್ಲ! ಸೊಂಟ ತಿರುವಿ ಕೊಡು!" ಎಂದು ರಾವಸಾಹೇಬರು ಮೇಲಿನಿಂದ ಬೈದರು. ಆಮೇಲೆ ನಾಲ್ಕು ಮೆಟ್ಟಿಲು ಇಳಿದು ಬೈದರು. ಆಮೇಲೆ ಧೋತರ ಎತ್ತಿ ಕಟ್ಟಿ, "ಸರಿ ಅತ್ತಾಗ!" ಎಂದು ಮಗನ ಪಕ್ಕಕ್ಕೆ ತಾವೇ ನಿಂತರು. ಒಬ್ಬ ಹಿರಿಯ ಇಳಿದ ಮೇಲೆ ಉಳಿದವರು ಮೇಲೆ ನಿಂತರೆ ಮಾನ ಉಳಿಯುತ್ತದೆಯೇ? ಎಲ್ಲರೂ ಇಳಿದರು. ಜೀಪಿನಲ್ಲಿ ಜಾಗ ಕೇಳಿದ್ದ ವಿರುಪಾಕ್ಷಪ್ಪನೂ ಹದಿನೇಳನೆಯ ಮೆಟ್ಟಿಲಲ್ಲಿ ನಿಂತು, ಪ್ರತಿ ಬುಟ್ಟಿಗೂ "ಹೋ ಹೊಯ್ಯಾ!" ಎಂದು ಕೂಗು ಕೊಡತೊಡಗಿದ. ಸಾಲಿನಲ್ಲಿ ಒಬ್ಬ ಹುಡುಗ, ಒಬ್ಬ ಮುದುಕ, ಮತ್ತೆ ಒಬ್ಬ ಹುಡುಗ. ಮುದುಕರ ಕೈಗೆ ತಡೆಯಲಾಗದ ವೇಗ, ಹುಡುಗರ ಬಾಯಲ್ಲಿ ಉಸಿರಿಲ್ಲ.

ಈ ಕೂಗು ಬಯಲಿಗೆ ಕೇಳಿತು. ಅಲ್ಲಿ ಭೋಜದವರ ವಿರುದ್ಧ ಆಡುತ್ತಿದ್ದ ಮಲಕಾರಿ ಆಟ ನಿಲ್ಲಿಸಿ ನೋಡಲು ಬಂದ. ಹಾರೂಗೇರಿಯವರು, ರಾಯಬಾಗದವರು, ಪೌಡರ್ ಮುಖದವರು ತನ್ನ ಊರ ಬಾವಿಯಲ್ಲಿ!

"ಏ, ಇದ ನಮ್ಮ ಊರ ಹೂಳ! ಹೊರಗಿನವ್ರ ಬಂದ ತಗದ್ರ ನಾಳಿ ನಾವ ಯಾವ ಮುಖಾ ಇಟಗೊಂಡ ಅಡ್ಡ್ಯಾಡೂದು? ಇಳೀರಲೇ!"

ಹನ್ನೊಂದೂ ಮಂದಿ ಇಳಿದರು. ಭೋಜದ ತಂಡದವರು ಆಡಲು ಎದುರಾಳಿ ಇಲ್ಲದೆ ಎಮ್ಮೆಗಳ ಜೊತೆ ಕೂತು ನೋಡಿದರು.

ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಬಾವಿಯ ತಳದ ಕಲ್ಲು ಕಂಡಿತು. ಕಲ್ಲಿನ ಸಂದಿಯಿಂದ ಬೆರಳು ಗಾತ್ರದ ನೀರಿನ ಸೆಲೆ ಚಿಮ್ಮಿತು. ಸಾಹೇಬರು ಲೆಕ್ಕಕ್ಕೆ ನಿಂತರು. ಫಾರಂ ಪ್ರಕಾರ ಹದಿನೆಂಟರಿಂದ ಇಪ್ಪತ್ತೈದರ ಒಳಗಿನವರು ಮಾತ್ರ. ಪರವೂರಿನ ಇಪ್ಪತ್ತೆಂಟು ಮಂದಿಯೂ ಇಪ್ಪತ್ನಾಲ್ಕು ವರ್ಷದವರು ಎಂದು ನೋಡಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಈ ಭರಮು ಅನ್ನುವವರ ತಲೆ ಪೂರ್ತಿ ಬೋಳಾಗಿದೆಯಲ್ಲ?"

"ಓದಿ ಓದಿ ಹಂಗಾಗೇತ್ರಿ," ಎಂದರು ರಾವಸಾಹೇಬರು.

"ಮನಿಯಿಂದ ಅಂತ ಸವಾಲ ಆಗಿತ್ತು," ಎಂದು ಮಹಾವೀರ ಅಡ್ಡ ಬಂದ. "ಇವರ ಯಾರೂ ಪಾರಿಸನ ಮನಿಯವರಲ್ಲ!"

ಆಬಾಸಾಹೇಬರು ಒಂದು ಗಳಿಗೆ ಯೋಚಿಸಿದರು. "ಪರವೂರವರ ಅವನ ಮನ್ಯಾಗ ಅವಲಕ್ಕಿ ತಿಂದಾರೋ ಇಲ್ಲೋ? ಉಂಡಾಂವ ಮನಿಯಾಂವ. ಮಲಕಾರಿ, ನೀವ?"

"ಹುಟ್ಟಿದಾಗಿಂದ ಅವರ ಗಿರಣಿ ಹಿಟ್ಟ ತಿಂದೀವ್ರಿ," ಎಂದ ಮಲಕಾರಿ.

"ಹಿಡೀರಿ ಲೆಕ್ಕಕ್ಕ!"

ಇಪ್ಪತ್ತೆಂಟು, ಹನ್ನೊಂದು. ಸಾಹೇಬರು ಎರಡು ಸಲ ಕೂಡಿಸಿದರು. ಮೂವತ್ತೊಂಬತ್ತು.

ಮಹಾವೀರ ಮೆಲ್ಲಗೆ ಮುಂದೆ ಬಂದು ಎಣ್ಣೆ ಹಚ್ಚಿದ ತಲೆ ಬಗ್ಗಿಸಿ ನಿಂತ. ಪಾರಿಸನ ಕೈ ಫೇಟಾದ ಗಂಟಿಗೆ ಹೋಯಿತು. ಕುಸುಮ ಸೆರಗು ಬಾಯಿಗೆ ಇಟ್ಟುಕೊಂಡಳು. ಅವನು ಗಂಟು ಸಡಿಲಿಸತೊಡಗಿದ.

"ಸಾಹೇಬ್ರ!" ಬಾವಿಯೊಳಗಿಂದ ದನಿ ಬಂತು. "ಮ್ಯಾಲ ನಿಂತವರನ್ನಷ್ಟ ಎಣಸೀರಿ. ಕೆಳಗ ಬಗ್ಗಿ ನೋಡ್ರಿ. ನಾ ಬೆಳಿಗ್ಗೆ ಆರರಿಂದ ಬುಟ್ಟಿ ತುಂಬಾಕತ್ತೀನಿ. ನನಗೂ ಇಪ್ಪತ್ತೊಂದ ವರ್ಷ."

ಎಲ್ಲರೂ ಬಗ್ಗಿ ನೋಡಿದರು. ಬೆಳಗಿನಿಂದ ಅವಳನ್ನು ನೋಡಲೆಂದೇ ಬಂದ ಇನ್ನೂರು ಮಂದಿಯಲ್ಲಿ ಒಬ್ಬನೂ ಅವಳನ್ನು ಎಣಿಸಿರಲಿಲ್ಲ.

"ಆಕೀ ಹೆಣ್ಣಲಾ..." ಎಂದು ಮಹಾವೀರ ಬಗ್ಗಿಸಿದ ತಲೆಯಲ್ಲೇ ಶುರು ಮಾಡಿದ. ಲಕ್ಷ್ಮಿಬಾಯಿಯ ಕೋಲು ಆ ಎಣ್ಣೆ ತಲೆಯ ಮೇಲೆ ಮೆಲ್ಲಗೆ ಕೂತಿತು. ಅವನಿಗೂ ಅವಳೇ ಅತ್ತೆ; ಅತ್ತೆಯ ಕೋಲಿನ ಮುಂದೆ ಮಾತಾಡುವಂತಿಲ್ಲ. ಸಾಹೇಬರು ಫಾರಂನಲ್ಲಿ ಬರೆದರು: ನಲವತ್ತು. ಹಲಗಿ ಬಡಿಯಿತು. ಪಾರಿಸ ಕಟ್ಟೆಯ ಮೇಲೆ ಕುಣಿದ ಕುಣಿತಕ್ಕೆ ಫೇಟಾ ತಾನಾಗಿಯೇ ಬಿಚ್ಚಿ ಬಾವಿಗೆ ಬಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ಅವನೂ ಗಮನಿಸಲಿಲ್ಲ.

ಸುಗಂಧಾ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಹಿರಿಯರೆಲ್ಲ ಕೆಸರು ಕಾಲಲ್ಲಿ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರೂ ತಮ್ಮ ಮಗನನ್ನು ಒಂದು ಹೆಜ್ಜೆ ಮುಂದೆ ನೂಕಿದ್ದರು.

"ಹೇಳವ್ವಾ," ಎಂದರು ರಾವಸಾಹೇಬರು. "ಯಾರ ಪಾಸಾದ್ರು?"

ಸುಗಂಧಾ ಎಲ್ಲರಿಗೂ ಕೈ ಮುಗಿದಳು. "ಕಾಕಾ, ಅಪ್ಪ ಹೇಳಿದ್ದ ಖರೇನ ಐತ್ರಿ. ಇದು ಹೆಣ್ಣ ನೋಡೂದ ಅಲ್ಲ. ಓದ ಮುಗಿಯೂ ತನಕಾ ನಂದ ಮದುವಿ ಮಾತ ಇಲ್ಲ. ನಾ ಯಾರ ಮುಖಾನೂ ನೋಡಿಲ್ಲ, ಬುಟ್ಟಿ ನೋಡೀನಿ. ನೀವೆಲ್ಲಾ ಭಾಳ ಚೊಲೊ ಕೆಲಸಾ ಮಾಡಿದ್ರಿ. ಮುಂದಿನ ಐತವಾರ ಸಾಲಿ ಹಿಂದಿನ ಬಾವಿ ಐತಿ. ಅಲ್ಲೂ ಹೂಳನ ಐತಿ, ಮತ್ತೇನೂ ಇಲ್ಲ. ಬರೂ ಮನಸಿದ್ದವ್ರು ಬರ್ರಿ."

ಈ ಸಲ ಎಲ್ಲರಿಗೂ ತಿಳಿಯಿತು. ಖಣಗಳು ಮೆಲ್ಲಗೆ ಚೀಲದೊಳಗೆ ಹೋದವು. ಅಜ್ಜಿಯರು ಬಸ್ಸಿನ ಹೊತ್ತು ಕೇಳತೊಡಗಿದರು. ರಾವಸಾಹೇಬರು ಮಾತ್ರ ಕದಲಲಿಲ್ಲ. ಸೆಲೆಯ ನೀರನ್ನು ಬೊಗಸೆಯಲ್ಲಿ ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು:

"ಎಷ್ಟ ಗಂಟೆಕ್ಕ ಬರಬೇಕವ್ವಾ?"

ಭರಮು ಸೊಂಟ ಹಿಡಿದುಕೊಂಡು ನರಳಿದ. "ಅಪ್ಪಾ, ಮದುವೀನ ಇಲ್ಲಂತ. ಮತ್ಯಾಕ? ನನ್ನ ಬೆನ್ನ ಮುರದೈತಿ."

"ನಿನ್ನ ಯಾರ ಕೇಳ್ಯಾರ್ಲೇ?" ಎಂದರು ರಾವಸಾಹೇಬರು. "ನೀ ಮನ್ಯಾಗ ಬಿದಕೊ. ನಾ ಬರಾಂವ!"